ಇಪ್ಪತ್ತರ ವಯಸ್ಸಿನ ನಿಮಗೆ ಈಗ ಒಂದು ಮಾತು ಹೇಳುವುದಾದರೆ ಏನು ಹೇಳುತ್ತೀರಿ? (ಮಲೆನಾಡಿನವರು ಬನ್ನಿ)

ಕಂಬಳಿಕೊಪ್ಪೆ (ತೀರ್ಥಹಳ್ಳಿ)

ಅಕ್ಕನ ಮಗ ಈ ವರ್ಷ ಸೆಕೆಂಡ್ ಪಿಯು ಮುಗಿಸಿದ. ಮನೆಗೆ ಬಂದವರೆಲ್ಲ ಅವನಿಗೆ ಒಂದೊಂದು ಬುದ್ಧಿಮಾತು ಹೇಳಿ, ಕಾಫಿ ಕುಡಿದು ಹೋಗುತ್ತಿದ್ದಾರೆ. ಚೆನ್ನಾಗಿ ಓದು, ದೊಡ್ಡ ಕನಸು ಕಾಣು, ಮನೆ ಹೆಸರು ಉಳಿಸು. ಹುಡುಗ ತಲೆ ಆಡಿಸುತ್ತಾನೆ. ಇದರಲ್ಲಿ ಒಂದಾದರೂ ನಾಳೆ ಬೆಳಿಗ್ಗೆ ಎದ್ದು ಮಾಡುವಂಥದ್ದು ಇದೆಯಾ? ನನಗಂತೂ ಕಾಣಲಿಲ್ಲ.

ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಮ್ಮ ಇಪ್ಪತ್ತರ ವಯಸ್ಸಿಗೆ ಈಗ ಒಂದು ಮಾತು ತಲುಪಿಸಬಹುದು ಅಂದರೆ ಏನು ಹೇಳುತ್ತೀರಿ? ಹೆಸರು ಹಿಡಿದು, ಲೆಕ್ಕ ಹಿಡಿದು ಹೇಳುವಂಥದ್ದು ಬೇಕು. ಇನ್ನೊಂದು ವಿನಂತಿ. ಊರಲ್ಲೇ ಇರಬೇಕಾ, ಬೆಂಗಳೂರಿಗೆ ಹೋಗಬೇಕಾ ಅನ್ನುವ ಜಗಳ ಬೇಡ. ಅದು ಇಲ್ಲಿ ಪ್ರತಿ ಮಳೆಗಾಲ ಆಗುತ್ತದೆ, ಯಾರೂ ಗೆದ್ದಿಲ್ಲ.

ಮೊದಲು ನಾನೇ ಹೇಳುತ್ತೇನೆ. ಕೌಂಟರಿನ ಆಚೆ ಕೂತವರನ್ನು ಕೇಳಲು ನಾಚಿಕೆ ಪಡಬೇಡ. ನಮ್ಮ ಕಡೆಯವರಿಗೆ ಇದೊಂದು ದೊಡ್ಡ ರೋಗ. ಬ್ಯಾಂಕಿಗೆ ಹೋಗಿ ಬಾಗಿಲಲ್ಲೇ ನಿಂತು, ಮ್ಯಾನೇಜರ್ ಬ್ಯುಸಿ ಇದ್ದಾರೆ ಅಂತ ತಾವೇ ತೀರ್ಮಾನ ಮಾಡಿ ವಾಪಸ್ ಬರುತ್ತಾರೆ. ಶಿಕ್ಷಣ ಸಾಲ 4 ಲಕ್ಷದವರೆಗೆ ಆಸ್ತಿ ಅಡಮಾನ ಇಲ್ಲದೆ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟು ಅಪ್ಪಂದಿರು ಕೈಸಾಲಕ್ಕೆ ಓಡಾಡಿದ್ದಾರೆ ನೋಡಿ. ಕೇಳಿದ್ದರೆ ಐದು ನಿಮಿಷದ ಮಾತು.

ಮೆಟ್ಟುಕತ್ತಿ (ಹೊಸನಗರ)

ವಯಸ್ಸು 54. ಬಿಕಾಂ ಮುಗಿಸಿ ತೋಟಕ್ಕೆ ಬಂದವನು. ಅಡಿಕೆ, ಮಧ್ಯೆ ಕಾಳುಮೆಣಸು. ನಾಲ್ಕು ಬಾಳೆ ಅಂತ ಬರೆಯೋಣ ಅಂದರೆ ಅದನ್ನು ಮಂಗ ಬಿಡುವುದಿಲ್ಲ.

ಇಪ್ಪತ್ತರ ನನಗೆ ಹೇಳುವುದು: ತೋಟದ ದುಡ್ಡು ಬೇರೆ, ಮನೆಯ ದುಡ್ಡು ಬೇರೆ. ಎರಡು ಪುಸ್ತಕ ಇಡು, ಎರಡು ಖಾತೆ ಇಡು. ತೋಟದಿಂದ ನಿನಗೆ ತಿಂಗಳಿಗೆ ಇಷ್ಟು ಸಂಬಳ ಅಂತ ನೀನೇ ಗೊತ್ತು ಮಾಡಿಕೊ. ಉಳಿದದ್ದನ್ನು ತೋಟದ ಖಾತೆಯಲ್ಲೇ ಬಿಡು. ಅಡಿಕೆ ಬೆಳೆಗಾರ ಕೆಡುವುದು ದರ ಬಿದ್ದ ವರ್ಷದಲ್ಲಲ್ಲ, ಏರಿದ ವರ್ಷದಲ್ಲಿ. 2014ರಲ್ಲಿ ದರ ಜಿಗಿದಾಗ ನಮ್ಮ ಸುತ್ತ ಎಷ್ಟು ತಾರಸಿ ಮನೆ ಎದ್ದವು, ಎಷ್ಟು ಹೊಸ ಕಾರು ಬಂದವು ಅಂತ ಎಲ್ಲರಿಗೂ ನೆನಪಿದೆ. ಮುಂದಿನ ವರ್ಷ ರಾಶಿ ಅಡಿಕೆಯ ದರ ಇಳಿಯಿತು. ಕಂತು ಮಾತ್ರ ಇಳಿಯಲಿಲ್ಲ.

ಎರಡನೆಯದು, ಕೆಲಸದವರು ಬರಲಿಲ್ಲ ಅಂತ ಜಗಲಿಯಲ್ಲಿ ಕೂರುವ ಯಜಮಾನ ಆಗಬೇಡ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನಿನ್ನ ಕೈಯಲ್ಲೇ ಮಾಡಲು ಕಲಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತ ಐವತ್ತು ಲೀಟರಿನಲ್ಲಿ, ಸುಣ್ಣ ಇನ್ನೈವತ್ತರಲ್ಲಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಹುಯ್ಯುತ್ತಾ ಕೋಲಿನಲ್ಲಿ ತಿರುವಬೇಕು. ಬಣ್ಣ ತಿಳಿ ಆಕಾಶ ನೀಲಿ ಬರುತ್ತದೆ. ಆಮೇಲೆ ಉಜ್ಜಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಹಾಗೇ ಹೊಡೆದರೆ ಎಳೆ ಕಾಯಿ ಸುಡುತ್ತದೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ.

ಇದನ್ನು ಯಾಕೆ ಇಷ್ಟುದ್ದ ಬರೆದೆ ಅಂದರೆ, ನಮ್ಮ ಓದಿದ ಹುಡುಗರು ಈ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಕೊಳೆ ಬಂದ ಮೇಲೆ ದೇವರಿಗೆ ಹರಕೆ ಹೊರುತ್ತಾರೆ. ಈ ಔಷಧಿಯನ್ನು ಮಲೆನಾಡಿನ ಕೊಳೆರೋಗಕ್ಕೆ ಹೊಂದಿಸಿ ಕೊಟ್ಟವರು ಲೆಸ್ಲಿ ಕೋಲ್ಮನ್, ಮೈಸೂರು ಸರ್ಕಾರದ ಕೆಲಸಕ್ಕೆ ಕೆನಡಾದಿಂದ ಬಂದ ವಿಜ್ಞಾನಿ. ನೂರು ವರ್ಷದ ಮೇಲಾಯಿತು. ಅಷ್ಟು ದೂರದವರು ನಮ್ಮ ಜಡಿಮಳೆಯಲ್ಲಿ ನಿಂತು ನೋಡಿ ಹೋದರು, ನಮಗೆ ಡ್ರಮ್ಮಿನ ಹತ್ತಿರ ನಿಲ್ಲಲು ಬೇಜಾರು.

ಗಾಂಧಿಬಜಾರ್ ಗಿರಾಕಿ (ಶಿವಮೊಗ್ಗ)

ಮೆಟ್ಟುಕತ್ತಿ ಅಣ್ಣ, ಇದು ಕೆರಿಯರ್ ಸಲಹೆಯಾ, ತೋಟಗಾರಿಕೆ ಇಲಾಖೆಯ ಪ್ರಕಟಣೆಯಾ?

ಮೆಟ್ಟುಕತ್ತಿ

ತೋಟ ಕೆರಿಯರ್ ಅಲ್ಲ ಅಂತ ನಿನಗೆ ಯಾರು ಹೇಳಿದ್ದು ಮಾರಾಯ?

ಸೈರನ್ (ಭದ್ರಾವತಿ)

ನಮ್ಮೂರಲ್ಲಿ ಕಾರ್ಖಾನೆಯ ಸೈರನ್ ಕೇಳಿ ಅನ್ನಕ್ಕೆ ಇಡುತ್ತಿದ್ದರು. ಕಬ್ಬಿಣದ ಕಾರ್ಖಾನೆ 1918ರದ್ದು, ಕಾಗದದ್ದು 1936ರದ್ದು. ಎರಡು ಮೂರು ತಲೆಮಾರು 'ಪರ್ಮನೆಂಟ್ ಆದರೆ ಸಾಕು' ಅಂತಲೇ ಬೆಳೆದವು. ಕಾಗದದ ಕಾರ್ಖಾನೆಯಲ್ಲಿ ಈಗ ಕಾಗದ ಆಗುತ್ತಿಲ್ಲ. ಕಬ್ಬಿಣದ್ದನ್ನು ಮುಚ್ಚುತ್ತೇವೆ ಅಂತ 2023ರ ಜನವರಿಯಲ್ಲಿ ಹೇಳಿದರು, ಅದೇ ವರ್ಷ ಆಗಸ್ಟಿನಲ್ಲಿ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು. ಇಲ್ಲಿ ಅದರ ರಾಜಕೀಯ ಬೇಡ.

ನಾನು ಐಟಿಐ ಫಿಟ್ಟರ್. ಈಗ ಮಾಚೇನಹಳ್ಳಿ ಕಡೆ ಸಣ್ಣ ವರ್ಕ್‌ಶಾಪ್ ಇದೆ. ಇಪ್ಪತ್ತರ ಹುಡುಗನಿಗೆ ಹೇಳುವುದು: ಐಟಿಐ ಅಂದರೆ ಓದು ಬಾರದವರು ಹೋಗುವ ಜಾಗ ಅನ್ನುವ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡು. ಎರಡು ವರ್ಷದ ಐಟಿಐ ಮುಗಿಸಿದವರು ನೇರ ಎರಡನೇ ವರ್ಷದ ಡಿಪ್ಲೊಮಾಕ್ಕೆ ಸೇರಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗಿಗೆ ಹೋಗಬಹುದು. ಈ ದಾರಿಯಲ್ಲಿ ಬಂದ ಎಂಜಿನಿಯರನ್ನೂ ನೋಡಿದ್ದೇನೆ, ಪಿಯುಸಿಯಿಂದ ಬಂದವರನ್ನೂ ನೋಡಿದ್ದೇನೆ. ವರ್ನಿಯರ್ (ಅಳತೆಯ ಉಪಕರಣ) ಕೈಗೆ ಕೊಟ್ಟ ಕೂಡಲೇ ಯಾರು ಯಾರು ಅಂತ ಗೊತ್ತಾಗುತ್ತದೆ.

ಅಪ್ರೆಂಟಿಸ್ ಮಾಡುವಾಗ ಸ್ಟೈಪೆಂಡ್ ಕಮ್ಮಿ ಅಂತ ಅರ್ಧಕ್ಕೆ ಬಿಡಬೇಡ. ಆ ಸರ್ಟಿಫಿಕೇಟನ್ನು ಮುಂದೆ ರೈಲ್ವೆಯವರೂ ಕೇಳುತ್ತಾರೆ, ಹೊರದೇಶಕ್ಕೆ ಕರೆದುಕೊಂಡು ಹೋಗುವವರೂ ಕೇಳುತ್ತಾರೆ.

ಆಮೇಲೆ ಪಿಎಫ್. ಕೆಲಸ ಬಿಟ್ಟಾಗಲೆಲ್ಲ ಪಿಎಫ್ ಬಿಡಿಸಿಕೊಂಡು ಬೈಕ್ ತಗೊಳ್ಳುವುದು ನಮ್ಮ ಹುಡುಗರ ಚಾಳಿ. ಬಿಡಿಸಬೇಡ, ಹೊಸ ಕಂಪನಿಗೆ ವರ್ಗಾಯಿಸು. ಯುಎಎನ್ ಅನ್ನುವ ಪಿಎಫ್ ನಂಬರ್ ಒಂದೇ ಇರುತ್ತದೆ, ಕೆಲಸ ಸುಲಭ. ಪಿಂಚಣಿ ಸಿಗಬೇಕಾದರೆ ಒಟ್ಟು ಹತ್ತು ವರ್ಷದ ಸೇವೆ ಬೇಕು. ಬಿಡಿಸಿಕೊಂಡರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ.

ಹಿನ್ನೀರು (ತುಮರಿ, ಈಗ ಮಂಗಳೂರು)

ನಾನು ನರ್ಸ್. ನಮ್ಮದು ಲಿಂಗನಮಕ್ಕಿ ಹಿನ್ನೀರಿನ ಆಚೆ ದಡ. 1964ರಲ್ಲಿ ಡ್ಯಾಂ ಆದಮೇಲೆ ನಮಗೆ ಸಾಗರ ಅಂದರೆ ಲಾಂಚ್ ದಾಟಿ ಹೋಗುವ ಊರು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಈಚೆ ದಡದ ನೆಂಟರ ಮನೆಯೇ ಗತಿ. ಈಗಿನ ಮಕ್ಕಳಿಗೆ ಸೇತುವೆ ಬಂದಿದೆ, 2025ರ ಜುಲೈಯಲ್ಲಿ. ಸಂತೋಷ. ಎರಡೂಕಾಲು ಕಿಲೋಮೀಟರಿಗೂ ಜಾಸ್ತಿ ಉದ್ದ, ಬಸ್ಸಲ್ಲಿ ಕೂತರೆ ದಾಟಿದ್ದೇ ಗೊತ್ತಾಗುವುದಿಲ್ಲ.

ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಇಪ್ಪತ್ತರ ನನ್ನ ಹತ್ತಿರ ಕೂರಿಸಿಕೊಂಡು ಹೇಳುವುದಾದರೆ ಮೂರು ಮಾತಿದೆ.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದ್ದು ಸರಿ. ಹೆದರಬೇಡ. ಮನೆಯಲ್ಲಿ 'ರಾತ್ರಿ ಪಾಳಿ ಕೆಲಸಕ್ಕೆ ಹೋಗುವ ಹುಡುಗಿಗೆ ಗಂಡು ಸಿಗುವುದಿಲ್ಲ' ಅಂದರು. ಸಿಕ್ಕಿದ, ಒಳ್ಳೆಯವನೇ ಸಿಕ್ಕಿದ. ಮೂರು ವರ್ಷದ ಕೋರ್ಸ್, ಮೇಲೆ ಎರಡು ವರ್ಷ ಪೋಸ್ಟ್ ಬೇಸಿಕ್ ಮಾಡಿದರೆ ಬಿಎಸ್ಸಿ ಆಗುತ್ತದೆ. ಕೆಲಸ ಮಾಡುತ್ತಲೇ ಅದಕ್ಕೆ ದುಡ್ಡು ಕೂಡಿಸಬಹುದು.

ಮೊದಲ ಸಂಬಳದಿಂದಲೇ ನಿನ್ನ ಹೆಸರಲ್ಲಿ ಏನಾದರೂ ಇರಲಿ. ಚಿನ್ನ ಅಲ್ಲ, ಅದು ಮದುವೆಯಲ್ಲಿ ಎಲ್ಲರದ್ದೂ ಆಗುತ್ತದೆ. ಪೋಸ್ಟಾಫೀಸಲ್ಲಿ ಪಿಪಿಎಫ್ (ದೀರ್ಘಾವಧಿ ಉಳಿತಾಯ) ಖಾತೆ ತೆರೆ. ಈಗಿರುವ ಶೇ 7.1ರ ಬಡ್ಡಿಯೇ ಮುಂದುವರಿದರೆ, 22ನೇ ವಯಸ್ಸಿಂದ ತಿಂಗಳಿಗೆ 2,000 ಕಟ್ಟಿದವಳಿಗೆ 52ಕ್ಕೆ ಸುಮಾರು 24 ಲಕ್ಷ ಆಗುತ್ತದೆ. ಅದನ್ನೇ 32ರಲ್ಲಿ ಶುರು ಮಾಡಿದವಳಿಗೆ ಸುಮಾರು 10 ಲಕ್ಷ. ಕಟ್ಟಿದ್ದರಲ್ಲಿ ವ್ಯತ್ಯಾಸ ಎರಡು ಲಕ್ಷದ ನಲವತ್ತು ಸಾವಿರ ಮಾತ್ರ. ಈ ಲೆಕ್ಕವನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಬೇಕು ಅನಿಸುತ್ತದೆ.

ಮೂರನೆಯದು ಸ್ವಲ್ಪ ಖಾರ. ಮದುವೆಯಾದ ಮೇಲೆ ಒಂದು ದಿನ ತವರಿಂದ ಫೋನ್ ಬರುತ್ತದೆ. 'ಒಂದು ಸಹಿ ಬೇಕಿತ್ತು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗು, ಮಧ್ಯಾಹ್ನ ಊಟ ಮನೆಯಲ್ಲೇ' ಅಂತ. ಅದು ಹಕ್ಕು ಬಿಡುಗಡೆ ಪತ್ರ. ಓದು. ಓದಿ ಅರ್ಥವಾಗದಿದ್ದರೆ ಮನೆಗೆ ತಗೊಂಡು ಹೋಗಿ ಓದು. 2005ರ ತಿದ್ದುಪಡಿ ಬಂದಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ತಿದ್ದುಪಡಿ ಬರುವಾಗ ಅಪ್ಪ ಬದುಕಿರಬೇಕಿತ್ತು ಅಂತೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಮೆಟ್ಟುಕತ್ತಿ

ತಂಗಿ, ಕಾನೂನು ಸರಿ. ಆದರೆ ಮೂರು ಎಕರೆ ತೋಟ ನಾಲ್ಕು ಪಾಲಾದರೆ ಯಾರ ಮನೆ ನಡೆಯುತ್ತದೆ ಹೇಳು. ಅಪ್ಪ ಅಮ್ಮನನ್ನು ಕೊನೆತನಕ ನೋಡಿಕೊಂಡವನು, ಕೊಳೆ, ಎಲೆಚುಕ್ಕೆ ಎಲ್ಲದರ ಜೊತೆ ಗುದ್ದಾಡಿದವನು ಒಬ್ಬ ಇರುತ್ತಾನೆ ಅಲ್ವಾ?

ಹಿನ್ನೀರು

ಇರುತ್ತಾನೆ ಅಣ್ಣ. ಅವನ ಪಕ್ಕದಲ್ಲಿ ಅತ್ತೆ ಮಾವನ ಮಲಮೂತ್ರ ಬಳಿದ ಅತ್ತಿಗೆಯೂ ಇರುತ್ತಾಳೆ, ಅವಳ ಹೆಸರೂ ಪಹಣಿಯಲ್ಲಿ ಇರುವುದಿಲ್ಲ. ನಾನು ಪಾಲು ಹರಿದು ತಗೊಳ್ಳಿ ಅಂತ ಬರೆದಿಲ್ಲ. ಓದದೆ ಸಹಿ ಹಾಕಬೇಡಿ ಅಂತ ಬರೆದೆ. ಬಿಟ್ಟುಕೊಡುವುದಾದರೆ ಏನು ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡಲಿ.

ಮೆಟ್ಟುಕತ್ತಿ

ಅದು ಒಪ್ಪುವ ಮಾತು. ನಮ್ಮ ಮನೆಯಲ್ಲಿ ತಂಗಿಗೆ ಬೆಲೆ ಕಟ್ಟಿ, ದುಡ್ಡು ಕೊಟ್ಟೇ ಬಿಡಿಸಿಕೊಂಡದ್ದು. ಕೊಡಲು ಐದು ಫಸಲು ಬೇಕಾಯಿತು, ಅದು ಬೇರೆ ಕಥೆ.

ಸಾಗರದಿಂದ ಸರ್ಜಾಪುರ (ಬೆಂಗಳೂರು)

ಸಾಫ್ಟ್‌ವೇರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಹಳ್ಳಿ ಶಾಲೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. ನಮ್ಮವರು ಇಂಗ್ಲಿಷ್ ಓದುತ್ತಾರೆ, ಬರೆಯುತ್ತಾರೆ, ಬಾಯಿ ಮಾತ್ರ ಬಿಡುವುದಿಲ್ಲ. ತಪ್ಪಾದರೆ ನಗುತ್ತಾರೆ ಅಂತ. ಇಪ್ಪತ್ತರ ನನಗೆ ಹೇಳುವುದು: ತಪ್ಪು ತಪ್ಪಾಗಿಯೇ ಜೋರಾಗಿ ಮಾತಾಡು. ನಮ್ಮ ಟೀಮಿನಲ್ಲಿ ಪೋಲೆಂಡಿನವರಿದ್ದಾರೆ, ಜಪಾನಿನವರಿದ್ದಾರೆ. ಅವರ ಇಂಗ್ಲಿಷ್ ನಮಗಿಂತ ಚೆನ್ನಾಗೇನಿಲ್ಲ. ಸಂಕೋಚ ಮಾತ್ರ ಇಲ್ಲ. ಮೀಟಿಂಗಿನಲ್ಲಿ ಮೊದಲ ಹತ್ತು ನಿಮಿಷದೊಳಗೆ ಏನಾದರೂ ಒಂದು ಪ್ರಶ್ನೆ ಕೇಳಿಬಿಡು. ಆಮೇಲೆ ಬಾಯಿ ಕಟ್ಟುವುದಿಲ್ಲ.

ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಕ್ಕೆ ಕಾಗದದ ಬೆಲೆಯೂ ಇದೆ. ಇದು ಅಕ್ಕನ ಮಗನಿಗೆ ಇವತ್ತೇ ಬೇಕಾಗಬಹುದು. 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಗೊಂಡು, ಬಿಇಒ ಮೇಲುಸಹಿ ಮಾಡಿಸಬೇಕು. ಎರಡು ಮೂರು ಶಾಲೆ ಬದಲಾಯಿಸಿದವರು ಎಲ್ಲ ಶಾಲೆಯಿಂದಲೂ ತರಬೇಕು. ಕೌನ್ಸೆಲಿಂಗ್ ಹಿಂದಿನ ದಿನ ಹುಡುಕಲು ಹೊರಟರೆ ಆ ಶಾಲೆಯೇ ಮುಚ್ಚಿ ಹೋಗಿರುತ್ತದೆ. ಮಕ್ಕಳಿಲ್ಲದೆ ನಮ್ಮ ಕಡೆ ಎಷ್ಟು ಶಾಲೆ ಮುಚ್ಚಿಲ್ಲ ಹೇಳಿ.

ಇನ್ನು ವಾಪಸ್ ಬರುವ ವಿಷಯ. ಜಗಳ ಬೇಡ ಅಂದಿದ್ದಾರೆ, ಆದರೂ ಒಂದು ಸಾಲು. ಹಬ್ಬಕ್ಕೆ ತಾಳಗುಪ್ಪ ರೈಲು ಹತ್ತುವವರೆಲ್ಲ 'ಇನ್ನೈದು ವರ್ಷ, ಆಮೇಲೆ ಊರಿಗೇ' ಅನ್ನುತ್ತಾರೆ. ಹೇಳುವುದಾದರೆ ದುಡ್ಡಿನ ಲೆಕ್ಕ ಹಾಕಿ ಹೇಳು, ತಿಂಗಳಿಗೆ ಊರಲ್ಲಿ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ ಅಂತ. ಲೆಕ್ಕ ಇಲ್ಲದಿದ್ದರೆ ಅಮ್ಮನ ಹತ್ತಿರ ಹೇಳಬೇಡ. ಅವರು ಅದನ್ನು ನಿಜ ಅಂತ ನಂಬಿ ಅಟ್ಟದ ಕೋಣೆ ಗುಡಿಸಿ ಇಡುತ್ತಾರೆ.

ಗಾಂಧಿಬಜಾರ್ ಗಿರಾಕಿ

ಕೊನೆಯ ಸಾಲು ಓದಿ ಸುಮ್ನೆ ಕೂತೆ.

ಮೂರನೇ ಅಟೆಂಪ್ಟ್ (ಶಿಕಾರಿಪುರ)

ಸರ್ಕಾರಿ ನೌಕರಿಯಲ್ಲಿದ್ದೇನೆ. ಪರೀಕ್ಷೆಗೆ ಓದುವವರಿಗೆ ಒಂದೇ ಮಾತು: ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಬರೆದಿಡು. ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಓದುವ ಹುಡುಗರು ಶಿವಮೊಗ್ಗದ ಲೈಬ್ರರಿಯಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವುದಕ್ಕೆ ಮುಂಚೆ ಬಂದು ನಿಲ್ಲುತ್ತಾರೆ. ಓದುವವರಲ್ಲಿ ಕೊರತೆ ಇಲ್ಲ. ಅಧಿಸೂಚನೆ ಯಾವಾಗ ಬರುತ್ತದೆ, ಬಂದದ್ದು ಯಾವಾಗ ಕೋರ್ಟಿಗೆ ಹೋಗುತ್ತದೆ, ಅದು ನಮ್ಮ ಕೈಯಲ್ಲಿಲ್ಲ. ಕಾಯುವ ವರ್ಷಗಳಲ್ಲಿ ಇನ್ನೊಂದು ಸಣ್ಣ ಸಂಪಾದನೆ ಇಟ್ಟುಕೊ. ಟ್ಯೂಷನ್ ಆಗಲಿ, ಸೊಸೈಟಿಯಲ್ಲಿ ಲೆಕ್ಕ ಬರೆಯುವುದಾಗಲಿ. ಮನೆಯವರ ಮುಖ ನೋಡುವ ಧೈರ್ಯ ಇರುತ್ತದೆ.

ಪಿಂಚಣಿಗಾಗಿ ಸರ್ಕಾರಿ ಕೆಲಸ ಅನ್ನುವವರಿಗೆ: 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಕ್ಕೆ ಸೇರಿದವರು ಎನ್‌ಪಿಎಸ್ ಅನ್ನುವ ಹೊಸ ಪಿಂಚಣಿ ಯೋಜನೆಗೆ ಬರುತ್ತಾರೆ. ಅಜ್ಜನ ಕಾಲದ ಪಿಂಚಣಿಯ ಲೆಕ್ಕದಲ್ಲಿ ಈಗಿನ ನೌಕರಿ ಅಳೆಯಬೇಡಿ.

ತೆರೆಹಿಂದೆ (ಹೆಗ್ಗೋಡು ಹತ್ತಿರ)

ಇಲ್ಲಿ ಎಲ್ಲರೂ ದುಡ್ಡು, ಕಾಗದ ಅಂತಿದ್ದೀರಿ. ಬೇಕು, ಇಲ್ಲ ಅನ್ನುವುದಿಲ್ಲ. ನಾನು ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಹೋದವನು. 1949ರಲ್ಲಿ ಒಂದು ಹಳ್ಳಿಯ ಹವ್ಯಾಸಿ ಗುಂಪಾಗಿ ಶುರುವಾದದ್ದು, 1980ರಲ್ಲಿ ಅದರ ರಂಗಶಾಲೆ ಆಯಿತು. ನಾಟಕ ಕಲಿಯಲು ಹೋಗುತ್ತೇನೆ ಅಂದಾಗ ಅಪ್ಪಯ್ಯ ಅಂದದ್ದು, 'ಯಕ್ಷಗಾನ ನೋಡಿದರೆ ಸಾಲದಾ?'

ಅಲ್ಲಿ ಕಲಿತದ್ದು ಅಭಿನಯ ಅಂತ ಜನ ತಿಳಿಯುತ್ತಾರೆ. ತಿರುಗಾಟಕ್ಕೆ ಹೋದಾಗ ಊರಿಗೆ ತಲುಪಿದ ಕೂಡಲೇ ಮಾಡುವುದು ಏನು ಗೊತ್ತಾ? ಲಾರಿಯಿಂದ ಪೆಟ್ಟಿಗೆ ಇಳಿಸುವುದು. ರಂಗಸ್ಥಳ ಗುಡಿಸುವುದು. ಲೈಟು ಕಟ್ಟುವ ಪೈಪಿಗೆ ಹಗ್ಗದ ಗಂಟು ಬಿಗಿಯಾಗಿದೆಯಾ ಅಂತ ಜೋತು ಬಿದ್ದು ನೋಡುವುದು. ರಾಜನ ಪಾತ್ರದವನೇ ಪರದೆ ಇಸ್ತ್ರಿ ಮಾಡುತ್ತಾನೆ. ಆಟ ಮುಗಿದ ಮೇಲೆ ಮತ್ತೆ ಎಲ್ಲ ಬಿಚ್ಚಿ ತುಂಬುವುದು. ನಾಳೆ ಇನ್ನೊಂದು ಊರು.

ಈಗ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತೇನೆ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಮಾತು ಮುಟ್ಟಿಸಲು ನಾನು ಕಿರುಚುವುದಿಲ್ಲ. ಅದು ಅಲ್ಲಿಯ ಕಲಿಕೆ. ಇಪ್ಪತ್ತರ ನನಗೆ ಹೇಳಬೇಕಾದ್ದು ಏನೂ ಇಲ್ಲ. ಹೋಗು ಅಂತಷ್ಟೇ ಅಂದೇನು. ಅಪ್ಪಯ್ಯನಿಗೆ ಬೇಕಾದರೆ ಒಂದು ಮಾತು ಹೇಳುತ್ತೇನೆ: ಹುಡುಗ ಹಸಿದು ಸಾಯುವುದಿಲ್ಲ, ರಾತ್ರಿ ನಿದ್ದೆ ಮಾಡಿ.

ಅರ್ಧಂಬರ್ಧ (ಸೊರಬ)

ನನಗೆ 19. ಬಿಎಸ್ಸಿ ಮೊದಲ ವರ್ಷ. ಎಲ್ಲ ಓದಿದೆ. ನೀವೆಲ್ಲ ಏನು ಮಾಡಬೇಕು ಅಂತ ಹೇಳುತ್ತಿದ್ದೀರಿ. ಏನು ಇಷ್ಟ ಅಂತಲೇ ಗೊತ್ತಿಲ್ಲದವರು ಏನು ಮಾಡಬೇಕು? ನನಗೆ ಕೋಡಿಂಗೂ ಬೇಡ ಅನಿಸುತ್ತದೆ, ತೋಟವೂ ಬೇಡ ಅನಿಸುತ್ತದೆ. ಬಿಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾದಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೂ ಹೋಗಿದ್ದೆ, ರ‍್ಯಾಂಕ್ ಸಾಲಲಿಲ್ಲ.

ಹಿನ್ನೀರು

ತಮ್ಮಾ, 19ಕ್ಕೆ ಇಷ್ಟ ಗೊತ್ತಿದ್ದವರು ನಮ್ಮ ಬ್ಯಾಚಲ್ಲಿ ಯಾರೂ ಇರಲಿಲ್ಲ. ನಾನು ನರ್ಸಿಂಗಿಗೆ ಸೇರಿದ್ದು ಸೇವೆ ಮಾಡುವ ಆಸೆಯಿಂದ ಅಲ್ಲ, ಗೆಳತಿ ಫಾರಂ ತಂದಿದ್ದಳು ಅಂತ. ಇಷ್ಟ ಆಮೇಲೆ ಬಂತು. ಮೊದಲ ಸಲ ನಾನೇ ಸೂಜಿ ಹಾಕಿ, ಮಗು ಅಳದೆ ಇದ್ದ ದಿನ.

ಸಾಗರದಿಂದ ಸರ್ಜಾಪುರ

ಯಾವುದು ಬೇಡ ಅಂತ ಗೊತ್ತಿದೆಯಲ್ಲ, ಅದೂ ಕಮ್ಮಿ ಅಲ್ಲ. ರಜೆಯಲ್ಲಿ ಒಂದೊಂದು ಕಡೆ ಕೂಲಿ ಇಲ್ಲದಿದ್ದರೂ ಹೋಗಿ ನಿಂತು ನೋಡು. ಲ್ಯಾಬು, ಮೆಡಿಕಲ್ ಶಾಪು, ಸರ್ವೆ ಮಾಡುವವರ ಜೊತೆ. ಮೊಬೈಲಿನಲ್ಲಿ ನೋಡಿ ಗೊತ್ತಾಗುವುದಿಲ್ಲ.

ಸೈರನ್

ನನ್ನ ವರ್ಕ್‌ಶಾಪಿಗೆ ಬಾ. ಎರಡು ವಾರ ಇರು. ಇಷ್ಟವಾಗದಿದ್ದರೆ ಕನಿಷ್ಠ ವೆಲ್ಡಿಂಗ್ ಕಲಿತಿರುತ್ತೀಯ. ಕಾಫಿ ನನ್ನದು.

ಹಳೇ ಶಾನುಭೋಗ (ತೀರ್ಥಹಳ್ಳಿ)

ನಿವೃತ್ತ ಗ್ರಾಮ ಲೆಕ್ಕಿಗ. ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ, ಜನ ಇನ್ನೂ ಶಾನುಭೋಗರೇ ಅಂತಾರೆ.

ಎಲ್ಲರ ಮಾತೂ ಓದಿದೆ. ನನ್ನ ಸಲಹೆ ಊರು ಬಿಡುವವರಿಗೂ ಉಳಿಯುವವರಿಗೂ ಒಂದೇ. ಇಪ್ಪತ್ತು ತುಂಬುವುದರೊಳಗೆ ನಿಮ್ಮ ಮನೆಯ ಪಹಣಿ ಓದಲು ಕಲಿಯಿರಿ. ಎಂಜಿನಿಯರುಗಳು, ಡಾಕ್ಟರುಗಳು ನನ್ನ ಮೇಜಿನ ಮುಂದೆ ಪಹಣಿ ತಲೆಕೆಳಗಾಗಿ ಹಿಡಿದು ನಿಂತದ್ದನ್ನು ನೋಡಿದ್ದೇನೆ.

9ನೇ ಕಾಲಂ ನೋಡಿ, ಅಲ್ಲಿ ಯಾರ ಹೆಸರಿದೆ? ಎಷ್ಟೋ ಮನೆಗಳಲ್ಲಿ ಇವತ್ತಿಗೂ ಅಜ್ಜನ ಹೆಸರಿದೆ, ಅಜ್ಜನ ತಿಥಿ ಮಾತ್ರ ವರ್ಷ ವರ್ಷ ಆಗುತ್ತಿದೆ. 10ನೇ ಕಾಲಮ್ಮಿನಲ್ಲಿ ಅದು ಹೇಗೆ ಬಂತು ಅಂತ ಇರುತ್ತದೆ, ಕ್ರಯವೋ ವಿಭಾಗವೋ ಪೌತಿಯೋ (ಸತ್ತವರಿಂದ ವಾರಸುದಾರರಿಗೆ ಬಂದದ್ದು), ಮ್ಯುಟೇಶನ್ (ಖಾತೆ ಬದಲಾವಣೆ) ನಂಬರಿನ ಸಮೇತ. 11ರಲ್ಲಿ ಸಾಲ, ಬೇರೆಯವರ ಹಕ್ಕು, ಕೋರ್ಟಿನ ತಡೆ. ಸಾಲ ತೀರಿಸಿ ಎಷ್ಟೋ ವರ್ಷ ಆದರೂ ಸೊಸೈಟಿಯ ಹೆಸರು ಇಲ್ಲಿಂದ ತೆಗೆಸಿರುವುದಿಲ್ಲ. 12ರಲ್ಲಿ ಸಾಗುವಳಿ ಮತ್ತು ಬೆಳೆ. ತೋಟ ಇದ್ದೂ ಅಲ್ಲಿ ಭತ್ತ ಅಂತಲೇ ಇದ್ದರೆ, ಬೆಳೆ ವಿಮೆ ಕಟ್ಟುವಾಗ, ಪರಿಹಾರ ಬರುವಾಗ ಒದ್ದಾಡುತ್ತೀರಿ. ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ, ವಿಮಾ ಮೊತ್ತದ ಶೇ 5 ರೈತ ಕಟ್ಟುವುದು. ಅದಕ್ಕೂ ಪಹಣಿ ಸರಿ ಇರಬೇಕು.

ಅಜ್ಜನ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವಂತಿಲ್ಲ, ಹಿನ್ನೀರು ಅವರ ಮಾತು ಇಲ್ಲಿಗೂ ಬರುತ್ತದೆ. ತಡಮಾಡಿದಷ್ಟೂ ಸಹಿ ಹಾಕಬೇಕಾದವರು ಜಾಸ್ತಿ ಆಗುತ್ತಾರೆ. ಅಜ್ಜ ಹೋದಾಗ ಐದು ಜನ ಇದ್ದದ್ದು, ಮೊಮ್ಮಕ್ಕಳ ಕಾಲಕ್ಕೆ ಇಪ್ಪತ್ತಾರು ಜನ. ಅದರಲ್ಲಿ ಇಬ್ಬರು ಮುಂಬಯಿಯಲ್ಲಿ, ಒಬ್ಬರ ಜೊತೆ ಮಾತಿಲ್ಲ.

ಸೊಪ್ಪಿನಬೆಟ್ಟ, ಕಾನು, ಬಗರ್‌ಹುಕುಂ ಅಂತ ಸರ್ಕಾರದ ಜಾಗದಲ್ಲಿ ಗಿಡ ನೆಟ್ಟು 'ನಮ್ಮದೇ' ಅಂತ ಇರುವವರಿಗೆ ಇನ್ನೊಂದು ಮಾತು. ಮನೆಯ ಹಿರಿಯರು ಇರುವಾಗಲೇ ಅವರ ಜೊತೆ ಗಡಿಯ ಮೇಲೆ ಒಂದು ಸುತ್ತು ನಡೆದು ಬನ್ನಿ. ಯಾವ ಮರ, ಯಾವ ಅಗಳು, ಯಾವ ಕಲ್ಲು. ಯಾವುದು ಹಿಡುವಳಿ, ಯಾವುದು ಸರ್ಕಾರದ್ದು ಅಂತ ಕೇಳಿ ತಿಳಿಯಿರಿ. ನಕ್ಷೆಯಲ್ಲಿ ಇರದ ವಿಷಯ ಅವರ ತಲೆಯಲ್ಲಿದೆ.

ಗಾಂಧಿಬಜಾರ್ ಗಿರಾಕಿ

ಶಾನುಭೋಗರೇ, ನಿಮ್ಮ ಕಾಲದಲ್ಲಿ ಇಷ್ಟು ಚೆನ್ನಾಗಿ ಕೂರಿಸಿ ಯಾರಿಗಾದರೂ ಹೇಳಿದ್ದಿರಾ?

ಹಳೇ ಶಾನುಭೋಗ

ಹೇಳಿದ್ದೆ. ಕೇಳಿದವರಿಗೆ. ಮೇಲೆ ಕಂಬಳಿಕೊಪ್ಪೆಯವರು ಕೌಂಟರಿನ ಬಗ್ಗೆ ಬರೆದದ್ದು ನೋಡಿ. ಬಾಗಿಲಲ್ಲೇ ನಿಂತು ಹೋದವರಿಗೆ ಏನು ಹೇಳಲಿ?

ಕಂಬಳಿಕೊಪ್ಪೆ

ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಹುಡುಗನಿಗೆ ಓದಲು ಕೊಟ್ಟೆ. ಬೋರ್ಡೋ ಭಾಗ ಹಾರಿಸಿದ (ಮೆಟ್ಟುಕತ್ತಿಯವರು ಕ್ಷಮಿಸಿ), ಪಿಪಿಎಫ್ ಲೆಕ್ಕವನ್ನು ಮೊಬೈಲಲ್ಲಿ ತಾನೇ ಮತ್ತೆ ಹಾಕಿ ನೋಡಿದ. ಸರಿ ಇದೆಯಂತೆ. ಡಿಪ್ಲೊಮಾ ದಾರಿ ಅವನಿಗೆ ಯಾರೂ ಹೇಳಿರಲಿಲ್ಲವಂತೆ, ಅದರ ಬಗ್ಗೆ ಯೋಚಿಸುತ್ತಿದ್ದಾನೆ. ಅವನ ಅಮ್ಮ ಮಾತ್ರ ಹಕ್ಕು ಬಿಡುಗಡೆಯ ಭಾಗ ಓದಿ ನನ್ನ ಮುಖ ನೋಡಿದಳು. ಅದು ನಮ್ಮಿಬ್ಬರ ಮಧ್ಯೆ ಕೂತು ಮಾತಾಡುವ ವಿಷಯ, ಇಲ್ಲಿ ಬೇಡ.

ಶಾನುಭೋಗರೇ, ಒಂದು ಪ್ರಶ್ನೆ. ನಮ್ಮ ಪಹಣಿಯಲ್ಲಿ 9ನೇ ಕಾಲಮ್ಮಿನಲ್ಲಿ ಅಪ್ಪಯ್ಯನ ಹೆಸರು ಸರಿ ಇದೆ, ಇನಿಷಿಯಲ್ ತಪ್ಪಿದೆ. ಆಧಾರಿನಲ್ಲಿ ಬೇರೆ ಥರ. ಇದಕ್ಕೆ ವಕೀಲರು ಬೇಕಾ?

ಹಳೇ ಶಾನುಭೋಗ

ಬೇಡ. ಮೊದಲು ಹಳೆಯ ಕ್ರಯಪತ್ರ ಅಥವಾ ವಿಭಾಗಪತ್ರದಲ್ಲಿ ಹೆಸರು ಹೇಗಿದೆ ನೋಡಿ. ಅದು ಸರಿ ಇದ್ದರೆ ಅದರ ನಕಲು, ಆಧಾರ್ ನಕಲು ಇಟ್ಟು ತಿದ್ದುಪಡಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಚೀಟಿ ತಗೊಳ್ಳದೆ ಬರಬೇಡಿ. ಅಕ್ಕನ ಮಗನನ್ನೇ ಕಳಿಸಿ, ಅವನೇ ಕೌಂಟರಿನಲ್ಲಿ ಮಾತಾಡಲಿ.

ಮೆಟ್ಟುಕತ್ತಿ

ಬೋರ್ಡೋ ಭಾಗ ಹಾರಿಸಿದ್ದಕ್ಕೆ ಒಂದು ದಿನ ಇಲ್ಲಿಗೂ ಕಳಿಸಿ. ಡ್ರಮ್ಮು ಖಾಲಿ ಇದೆ.